ಮೂರು ಕ್ಲಿಕ್ಕಿನೊಳಗೆ ಕಾಮಾಕ್ಷಮ್ಮ

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಶಿವಕಿರಣನಿಗೆ ಜ್ಞಾನೋದಯವಾದದ್ದು ಮೊಬೈಲಿನಲ್ಲಿ. ಅದಕ್ಕೆ ಮುಂಚೆ ಅವನು ಮದುವೆ ಮುಂಜಿಗಳ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿಕೊಡುತ್ತಿದ್ದ. ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕು, ಯಾವ ಸೋದರಮಾವನನ್ನು ಬಿಟ್ಟರೆ ಮದುವೆಯೇ ನಿಲ್ಲುತ್ತದೆ, ಯಾವ ಭಾವನನ್ನು ಬಿಟ್ಟರೆ ಅವನು ಊಟವನ್ನಷ್ಟೇ ಬಿಡುತ್ತಾನೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಜನ ಮದುವೆಗೆ ವಾಟ್ಸಾಪಿನಲ್ಲೇ ಕರೆಯಲು ಶುರುಮಾಡಿದ ಮೇಲೆ ಈ ವಿದ್ಯೆಯನ್ನು ಕೇಳುವವರಿಲ್ಲವಾಯಿತು. ಆಗ ಅವನು ಯಾವುದೋ ಆನ್‌ಲೈನ್ ಕೋರ್ಸು ಮುಗಿಸಿ, ಅಂಗಡಿಯ ಬೋರ್ಡಿನಲ್ಲಿ 'ಲ್ಯಾಮಿನೇಶನ್' ಎಂಬುದರ ಕೆಳಗೆ 'ವೆಬ್‌ಸೈಟ್ ಮಾಡಿಕೊಡಲಾಗುವುದು' ಎಂದು ಬರೆಸಿದ.

ಕೋರ್ಸಿನಿಂದ ಅವನಿಗೆ ದಕ್ಕಿದ್ದು ಎರಡು ಮಂತ್ರ. ಒಂದು, ವೆಬ್‌ಸೈಟ್ ಕಟ್ಟುವ ಮೊದಲು ಸೈಟ್‌ಮ್ಯಾಪ್ ಬರೆಯಬೇಕು. ಅಂದರೆ ಯಾವ ಪುಟದ ಕೆಳಗೆ ಯಾವ ಪುಟ ಬರುತ್ತದೆ ಎಂದು ಕಾಗದದ ಮೇಲೆ ಚೌಕ ಹಾಕಿ, ಗೆರೆ ಎಳೆದು, ಗಿರಾಕಿಯ ಒಪ್ಪಿಗೆ ಪಡೆಯಬೇಕು. ಎರಡು, ಯಾವುದೇ ಸಂಗತಿ ಮೂರು ಕ್ಲಿಕ್ಕಿನೊಳಗೆ ಸಿಗಬೇಕು. ಹೊಸ ವೈದ್ಯನಿಗೆ ಕಂಡವರೆಲ್ಲ ರೋಗಿಗಳು ಎಂಬಂತೆ, ಅವನು ಈ ಮಂತ್ರವನ್ನು ಮೊದಲು ಪ್ರಯೋಗಿಸಿದ್ದು ಹೆಂಡತಿ ಸುಪ್ರೀತಾಳ ಅಡುಗೆಮನೆಯ ಮೇಲೆ. ಡಬ್ಬಗಳನ್ನೆಲ್ಲ ಇಳಿಸಿ, ವರ್ಗೀಕರಿಸಿ, 'ಬಿಳಿ ಪದಾರ್ಥಗಳು' ಎಂಬ ತಲೆಬರಹದ ಕೆಳಗೆ ಉಪ್ಪು, ಸಕ್ಕರೆ, ಸೋಡಾಪುಡಿ ಮೂರನ್ನೂ ಸಾಲಾಗಿ ಇಟ್ಟ. ಆ ಸಂಜೆಯ ಕಾಫಿಯನ್ನು ಅವನೇ ಕುಡಿಯಬೇಕಾಯಿತು.

"ಎಂತ ಇದು? ಇಷ್ಟು ಉಪ್ಪು!" ಎಂದ.

"ಮೂರೇ ಕ್ಲಿಕ್ಕಿಗೆ ಸಿಕ್ತು, ಹಾಕ್ದೆ. ನಿಮ್ಮ ನಕ್ಷೆ ಅಂಗಡಿಲಿ ಇರ್ಲಿ, ನನ್ನ ಒಲೆ ಹತ್ರ ಬ್ಯಾಡ," ಎಂದಳು ಸುಪ್ರೀತಾ.

ಮೊದಲ ಗಿರಾಕಿ ಮುತ್ತಿನಕೊಪ್ಪದ ಶಾಮಿಯಾನದ ಕರಿಯಣ್ಣ. ಶಿವಕಿರಣ ಎನ್.ಆರ್. ಪುರದ ಬಸ್ಸು ಹತ್ತಿ ಹೋಗಿ, ಅರ್ಧ ದಿನ ಕೂತು, ಹಾಳೆಯ ತುಂಬ ಚೌಕ ಬರೆದು ತೋರಿಸಿದ. ಕರಿಯಣ್ಣ ಹಾಳೆಯನ್ನು ಆ ಕಡೆಯಿಂದ ಈ ಕಡೆಯಿಂದ ತಿರುಗಿಸಿ ನೋಡಿದ. "ಇಷ್ಟೆಲ್ಲ ರೂಮು ಎಂತಕ್ಕೆ ಮಾರಾಯ? ಶಾಮಿಯಾನ ಬೇಕಾದವ ಅವಸರದಲ್ಲಿರ್ತಾನೆ. ನನ್ನ ಫೋನ್ ನಂಬರ್ ಹಾಕು, ದಪ್ಪಕ್ಕೆ," ಎಂದ. ಹೀಗೆ ಶಿವಕಿರಣನ ಮೊದಲ ವೆಬ್‌ಸೈಟು ಒಂದೇ ಒಂದು ಫೋನ್ ನಂಬರಾಗಿ ಜಗತ್ತಿಗೆ ಅರ್ಪಣೆಯಾಯಿತು. ಮಂತ್ರ ಪೂರ್ತಿಯಾಗಿ ಪ್ರಯೋಗವಾಗಲಿಲ್ಲವಲ್ಲ ಎಂದು ಅವನು ಕೊರಗುತ್ತಿದ್ದಾಗಲೇ ಬೇಗಾರಿನಿಂದ ಕರೆ ಬಂತು.

ಬೇಗಾರಿನ ಕಾಮಾಕ್ಷಮ್ಮನ ಮಾವಿನಮಿಡಿ ಉಪ್ಪಿನಕಾಯಿ ಶೃಂಗೇರಿಗೆ ಬರುವ ಯಾತ್ರಿಕರಿಂದ ಹಿಡಿದು ಎನ್.ಆರ್. ಪುರದ ಬಾಣಂತಿಯರವರೆಗೆ ಎಲ್ಲರಿಗೂ ಗೊತ್ತು. ಆಕೆ ಹೋದ ಮಾಘದಲ್ಲಿ ತೀರಿಕೊಂಡರು. ಎದೆನೋವು ಎಂದರು, ಆಸ್ಪತ್ರೆ ಮುಟ್ಟಲಿಲ್ಲ. ಮಕ್ಕಳಿರಲಿಲ್ಲ. ಗಂಡ ಕೃಷ್ಣಯ್ಯ, ಆಕೆಯ ಜೊತೆ ಮಿಡಿಗೆ ಉಪ್ಪು ಹಾಕುತ್ತಿದ್ದ ನೆರೆಮನೆಯ ರಾಧಮ್ಮ, ಬಾಳೆಹೊನ್ನೂರಿನಲ್ಲಿ ಕಾಳುಮೆಣಸಿನ ಅಂಗಡಿ ಇಟ್ಟಿರುವ ಕೃಷ್ಣಯ್ಯನ ತಮ್ಮ ವೆಂಕಟರಮಣ, ಈ ಮೂವರು ಸೇರಿ ವ್ಯಾಪಾರ ನಿಲ್ಲಬಾರದು ಎಂದು ತೀರ್ಮಾನಿಸಿದ್ದರು. ವೆಬ್‌ಸೈಟ್ ಆಗಬೇಕು ಎಂದವನು ವೆಂಕಟರಮಣ. ಅವನ ಗಂಟಲು ದೊಡ್ಡದು. ಬಾಳೆಹೊನ್ನೂರಿನಲ್ಲಿ ಮೆಣಸಿನ ದರ ಹೇಳಿದರೆ ಕೊಪ್ಪದವರು ಮಾರಲು ಹೊರಡುತ್ತಾರೆ ಎಂದು ಜನ ಆಡಿಕೊಳ್ಳುತ್ತಾರೆ.

ಶಿವಕಿರಣ ಕೋರ್ಸಿನಲ್ಲಿ ಹೇಳಿದಂತೆ ಚೀಟಿಗಳನ್ನು ತಯಾರಿಸಿಕೊಂಡು ಹೋಗಿದ್ದ. ಅಂಗಡಿಯಲ್ಲಿ ಮಿಕ್ಕಿದ್ದ ಮದುವೆ ಕಾರ್ಡುಗಳ ಬೆನ್ನ ಮೇಲೆ 'ಮುಖಪುಟ', 'ಮಿಡಿ', 'ನಿಂಬೆ', 'ಹಪ್ಪಳ', 'ದರ', 'ನಮ್ಮ ಬಗ್ಗೆ', 'ಸಂಪರ್ಕ' ಎಂದೆಲ್ಲ ಬರೆದು, ಜಗಲಿಯ ಚಾಪೆಯ ಮೇಲೆ ಹರಡಿದ. "ಇವನ್ನ ನಿಮಗೆ ಸರಿ ಕಂಡ ಹಾಂಗೆ ಜೋಡಿಸಿ. ಮೇಲೆ ಯಾವ್ದು, ಅದರ ಕೆಳಗೆ ಯಾವ್ದು. ನಾನು ಬಾಯಿ ಹಾಕೋದಿಲ್ಲ," ಎಂದ.

ವೆಂಕಟರಮಣ ಇಸ್ಪೀಟಿನ ಅಭ್ಯಾಸಬಲದಿಂದ ಚೀಟಿಗಳನ್ನು ಒಟ್ಟುಮಾಡಿ ಕಲಸಿ ಎಲ್ಲರಿಗೂ ಹಂಚಿಬಿಟ್ಟ. ರಾಧಮ್ಮ ತನಗೆ ಬಂದ 'ದರ'ವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ಕೃಷ್ಣಯ್ಯ ಮಾತ್ರ ಯಾವ ಚೀಟಿಯನ್ನೂ ಮುಟ್ಟದೆ, "ಒಂದು ಖಾಲಿ ಚೀಟಿ ಕೊಡು," ಎಂದು ಕೇಳಿ ಪಡೆದು, ಅದರ ಮೇಲೆ 'ಕಾಮಾಕ್ಷಿ' ಎಂದು ನಿಧಾನವಾಗಿ ಬರೆದು, 'ಮುಖಪುಟ'ದ ಮೇಲೆ ಇಟ್ಟರು.

"ಮುಖಪುಟದ ಮೇಲೆ ಎಂತದೂ ಬರೋದಿಲ್ಲ ಕೃಷ್ಣಯ್ಯನೋರೇ," ಎಂದ ಶಿವಕಿರಣ.

"ಇದೊಂದು ಬರ್ಲಿ ಮಾರಾಯ. ಇದ್ದಷ್ಟು ದಿನ ಅವಳು ಒಳಗೇ ಇದ್ಲು. ಉಪ್ಪಿನಕಾಯಿ ಕೊಳ್ಳೋಕೆ ಬಂದವ್ರಿಗೆಲ್ಲ ಜಗಲಿಲಿ ಕಂಡದ್ದು ನನ್ನ ಮುಖ. ಹೊಗಳಿಕೆಯೂ ನಂಗೇ. ಈಗಾದ್ರೂ ಅವಳು ಮುಂದೆ ಇರ್ಲಿ. ತೆಗೆದ ಕೂಡ್ಲೇ ಅವಳು ಕಾಣ್ಬೇಕು. ಬೇರೆ ಎಲ್ಲ ನೀವು ಹೇಳಿದ ಹಾಂಗೆ."

ಕೇಳಿದ್ದು ಇಷ್ಟೇ. ಮಾಡಿಕೊಡುವುದು ಚಿಟಿಕೆ ಹೊಡೆಯುವಷ್ಟು ಸುಲಭವಿತ್ತು. ಆದರೆ ಶಿವಕಿರಣ ಅಲ್ಲಿಗೆ ನಿಲ್ಲದೆ, ಎಲ್ಲರಿಗೂ ಚೆನ್ನಾಗಿ ಅರ್ಥವಾಗಲಿ ಎಂಬ ಸದುದ್ದೇಶದಿಂದ ಒಂದು ಉಪಮೆ ಹೇಳಿದ. ಸದುದ್ದೇಶದಿಂದ ಆಗುವಷ್ಟು ಹಾನಿ ಕಾಡುಹಂದಿಯಿಂದಲೂ ಆಗುವುದಿಲ್ಲ.

"ಇದೂ ಒಂದು ಆಮಂತ್ರಣ ಪತ್ರಿಕೆ ಅಂತ ತಿಳ್ಕೊಳ್ಳಿ," ಎಂದ.

ವೆಂಕಟರಮಣ ಕೂತಲ್ಲೇ ನೆಟ್ಟಗಾದ. "ಹಾಂಗಾ? ಮೊದ್ಲೇ ಹೇಳೋದಲ್ವಾ! ಅಂದ್ರೆ ಈ ಮುಖಪುಟದಲ್ಲಿ ಇರೋರು ಕರೆಯುವವರು?"

"ಒಂದು ಲೆಕ್ಕದಲ್ಲಿ ಹೌದು."

"ಮತ್ತೆ ಕರೆಯುವವರು ದಂಪತಿ ಆಗಿರ್ಬೇಕಲ್ಲ ಮಾರಾಯ. ಅಣ್ಣ ಒಬ್ಬನೇ ಹ್ಯಾಂಗೆ ಕರೀತಾನೆ? ಅತ್ತಿಗೆ ಹೋಗಿಯಾಯ್ತು. ಹೋದವರ ಹೆಸರಲ್ಲಿ ಶುಭಕಾರ್ಯಕ್ಕೆ ಕರೆಯೋದುಂಟಾ?"

ಇಲ್ಲಿ ಶಿವಕಿರಣ 'ಇದು ಮದುವೆಯಲ್ಲ, ಉಪ್ಪಿನಕಾಯಿ' ಎಂದು ಹೇಳಬೇಕಿತ್ತು. ಆದರೆ ಬಹುಕಾಲ ಯಾರೂ ಕೇಳದೆ ಮೂಲೆಗೆ ಬಿದ್ದಿದ್ದ ಅವನ ಹಳೆಯ ವಿದ್ಯೆಯನ್ನು ಅಂದು ಒಬ್ಬರು ಕೇಳಿಬಿಟ್ಟರು. ಅವನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, "ಪದ್ಧತಿ ಹಾಂಗೇ. ಅಣ್ಣನ ಮನೇಲಿ ಅತ್ತಿಗೆ ಇಲ್ದಿದ್ರೆ ತಮ್ಮ, ತಮ್ಮನ ಹೆಂಡತಿ ಹೆಸರಲ್ಲಿ ಕರೆಯೋದು. ಅಣ್ಣನವರು 'ಹಿರಿಯರ ಆಶೀರ್ವಾದ'ದ ಕೆಳಗೆ ಬರ್ತಾರೆ. ನಾನೇ ಎಷ್ಟೋ ಪತ್ರಿಕೆ ಹಾಗೆ ಮಾಡಿಸಿದ್ದೇನೆ," ಎಂದುಬಿಟ್ಟ.

ವೆಂಕಟರಮಣ 'ಕಾಮಾಕ್ಷಿ' ಚೀಟಿಯನ್ನು ತೆಗೆದು ಕೆಳಗಿಟ್ಟ. ಅವನು ಕಾಫಿ ಲೋಟಕ್ಕೆ ಕೈಚಾಚಿದಾಗ ಕೃಷ್ಣಯ್ಯ ಅದನ್ನು ಮತ್ತೆ ಮೇಲಿಟ್ಟರು. ಲೋಟ ಕೆಳಗಿಟ್ಟವನು ಚೀಟಿಯನ್ನೂ ಕೆಳಗಿಳಿಸಿದ. ಮಧ್ಯಾಹ್ನದ ಊಟದವರೆಗೆ ಕಾಮಾಕ್ಷಮ್ಮ ಹೀಗೆ ಹತ್ತಿ ಇಳಿಯುತ್ತಲೇ ಇದ್ದರು.

ವೆಬ್‌ಸೈಟು ಅಂದರೆ ಆಮಂತ್ರಣ ಪತ್ರಿಕೆ ಎಂಬ ಸುದ್ದಿ ಅಂದು ಸಂಜೆಯೊಳಗೆ ಬಂಧುಬಳಗಕ್ಕೆಲ್ಲ ಮುಟ್ಟಿತು. ಮರುದಿನದಿಂದ ಶಿವಕಿರಣನ ಫೋನಿಗೆ ಬಿಡುವಿಲ್ಲ. ಶೃಂಗೇರಿಯ ಸೋದರತ್ತೆಯೊಬ್ಬರು, ಕಾಮಾಕ್ಷಿಗೆ ಮಸಾಲೆ ಹುರಿಯುವುದನ್ನು ಕಲಿಸಿದ್ದೇ ತಾವು, ತಮ್ಮ ಹೆಸರೆಲ್ಲಿ ಎಂದು ಕೇಳಿದರು. ಕೊಪ್ಪದ ಭಾವನೊಬ್ಬ ಖುದ್ದಾಗಿ ಅಂಗಡಿಗೇ ಬಂದು ನಕ್ಷೆಯ ಮೇಲೆ ಬೆರಳಾಡಿಸಿ ಹೌಹಾರಿದ. "ನಿಂಬೆ ಉಪ್ಪಿನಕಾಯಿಗಿಂತ ಕೆಳಗೆ ನಾನಾ? ಅವಳ ಮದುವೇಲಿ ಹೆಣ್ಣಿನ ಕಡೆಯಿಂದ ಓಡಾಡಿದವನು ನಾನು. ನಿಂಬೆ ಎಲ್ಲಿತ್ತು ಆವಾಗ?"

"ಭಾವ, ಅದು ಪದಾರ್ಥದ ಸಾಲು. ನಿಮ್ಮದು ಬೇರೆ ಸಾಲು."

"ಸಾಲು ಯಾವುದಾದ್ರೂ ಇರ್ಲಿ, ನಿಂಬೆಯ ಮೇಲೆ ಇರ್ಬೇಕು."

ಶಿವಕಿರಣ ಮೇಲಿಟ್ಟ. ನಿಂಬೆಯ ಕೆಳಗೆ ಹೋಗಲೊಲ್ಲದವರ ಸಂಖ್ಯೆ ಬೆಳೆದು, ನಕ್ಷೆಗೆ ಹಾಳೆ ಅಂಟಿಸಿ ಅಂಟಿಸಿ ಅದು ಜಮಖಾನದಷ್ಟಾಯಿತು. ಹೆಸರೇ ಬೇಡ ಎಂದವರು ಒಬ್ಬರೇ, ರಾಧಮ್ಮ. "ಮಿಡಿ ಮೆತ್ತಗಾದ್ರೆ ಬೈಯೋಕೆ ಜನ ಹೆಸ್ರು ಹುಡುಕ್ತಾರೆ. ನಂದು ಸಿಗ್ದೇ ಇರೋದೇ ಒಳ್ಳೇದು," ಎಂದರು. ಇಷ್ಟರ ನಡುವೆ ಕೃಷ್ಣಯ್ಯನ ಕಡೆಯಿಂದ ಶಿವಕಿರಣನಿಗೆ ದಿನವೂ ಒಂದೇ ಪ್ರಶ್ನೆ ಬರುತ್ತಿತ್ತು: "ಕಾಮಾಕ್ಷಿ ಎಲ್ಲಿದ್ದಾಳೆ ಈಗ?" ಶಿವಕಿರಣ ಜಮಖಾನದ ಮೇಲೆ ಹುಡುಕಿ, "ಹಪ್ಪಳದ ಹತ್ರ ಇದ್ದಾರೆ," ಎಂದೋ "ಸಂಪರ್ಕದ ಪಕ್ಕ ಬಂದಿದ್ದಾರೆ," ಎಂದೋ ಉತ್ತರಿಸುತ್ತಿದ್ದ. ಅವರು "ಸರಿ" ಎಂದು ಫೋನು ಇಡುತ್ತಿದ್ದರು.

ಕೊನೆಗೆ ವಿಷಯ ಶ್ರೀನಿಧಿ ಭಟ್ಟರ ಮುಂದೆ ಬಂತು. ತಿಂಗಳ ಮಾಸಿಕ ಮಾಡಿಸಲು ಬಂದಿದ್ದ ಪುರೋಹಿತರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ, ವೆಂಕಟರಮಣ ನಕ್ಷೆಯನ್ನು ಅವರ ಎದುರು ಬಿಚ್ಚಿ, "ಭಟ್ರೇ, ನೀವೇ ಹೇಳಿ. ಅತ್ತಿಗೆಯ ಜಾಗ ಯಾವುದು?" ಎಂದ. ಶಿವಕಿರಣ ಪೆನ್ಸಿಲ್ ಹಿಡಿದು ಸಿದ್ಧನಾಗಿದ್ದ.

ಭಟ್ಟರಿಗೆ ಸಂಶಯವೇ ಬರಲಿಲ್ಲ. "ಇದ್ರಲ್ಲಿ ಚರ್ಚೆ ಎಂತದ್ದು? ಹನ್ನೆರಡನೇ ದಿನವೇ ತೀರ್ಮಾನ ಆಗಿದೆ. ಅತ್ತೆ, ಅತ್ತೆಯ ಅತ್ತೆ, ಅವರ ಅತ್ತೆ, ಆ ಸಾಲಿಗೆ ಪಿಂಡ ಸೇರಿಸಿಯಾಯ್ತು. ಆಕೆ ಈಗ ಪಿತೃಗಳ ಪಂಕ್ತಿ. ಮೂರು ತಲೆಮಾರಿನವರನ್ನ ಹೆಸರು ಹಿಡಿದು ಕರೀತೇವೆ. ಅದರಾಚೆ ಹೋದವರನ್ನ ಕರೆಯೋದಿಲ್ಲ."

"ಅಯ್ಯೋ ಭಟ್ರೇ!" ಎಂದು ಶಿವಕಿರಣ ಕುಣಿದುಬಿಡುವುದೊಂದು ಬಾಕಿ. "ನಮ್ಮ ಕೋರ್ಸಲ್ಲೂ ಅದೇ ಹೇಳಿದ್ದು! ಮೂರರ ಆಚೆ ಹೋದ್ರೆ ಯಾರೂ ಹುಡುಕೋದಿಲ್ಲ ಅಂತ!"

ಶಾಸ್ತ್ರವೂ ಕೋರ್ಸೂ ಹೀಗೆ ಒಂದಾದ ಮೇಲೆ ಎದುರಾಡುವವರಾರು? ಅಲ್ಲಿಯೇ ನಿರ್ಣಯವಾಯಿತು. ಮುಖಪುಟದಲ್ಲಿ ವೆಂಕಟರಮಣ ದಂಪತಿ ಕೈಮುಗಿದು ನಿಂತ ಚಿತ್ರ. ಅಲ್ಲಿಂದ 'ನಮ್ಮ ಬಗ್ಗೆ', ಅದರೊಳಗೆ 'ನಮ್ಮ ಹಿರಿಯರು', ಅದರೊಳಗೆ ಕಾಮಾಕ್ಷಮ್ಮ. ನಿಂಬೆಯ ಸಮಸ್ಯೆ ಇದ್ದವರನ್ನೆಲ್ಲ 'ಹಾಗೂ ಬಂಧುಮಿತ್ರರು' ಎಂಬ ಪುಟಕ್ಕೆ ಅಕಾರಾದಿಯಾಗಿ ತುಂಬಲಾಯಿತು.

ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದ ಕೃಷ್ಣಯ್ಯ ಮುಂದೆ ಬಂದರು. "ಮೂರು ಸಲ ಒತ್ತಿದ್ರೆ ಸಿಗ್ತಾಳಾ?" ಎಂದು ಕೇಳಿದರು.

"ಖಂಡಿತ ಸಿಗ್ತಾರೆ."

"ತೋರ್ಸು."

ಶಿವಕಿರಣ ಚೀಟಿಗಳನ್ನು ಸಾಲಾಗಿ ಇಟ್ಟ. ಕೃಷ್ಣಯ್ಯ ಬೆರಳಿನಿಂದ 'ನಮ್ಮ ಬಗ್ಗೆ'ಯನ್ನು ಒತ್ತಿದರು, 'ನಮ್ಮ ಹಿರಿಯರು' ಒತ್ತಿದರು, ಆಮೇಲೆ ತಾವೇ ಬರೆದ ಚೀಟಿಯನ್ನು ಒತ್ತಿ, ಬೆರಳು ತೆಗೆಯದೆ ಕಾದರು. ಭಟ್ಟರು ಎಲೆಯಡಿಕೆ ಉಗುಳಲು ಎದ್ದುಹೋದರು. ವೆಂಕಟರಮಣ ನಕ್ಷೆಯನ್ನು ಮಡಚತೊಡಗಿದ, ಅದು ಎಷ್ಟು ಮಡಚಿದರೂ ಸರಿಯಾಗಿ ಕೂರಲಿಲ್ಲ.

ಇನ್ನು ಉಳಿದದ್ದು ಕಾಮಾಕ್ಷಮ್ಮನ ಫೋಟೋ. ಮದುವೆ ಮನೆಗಳ ಚಿತ್ರಗಳಲ್ಲೆಲ್ಲ ಆಕೆ ಯಾರದೋ ಹೆಗಲ ಹಿಂದೆ ಅರ್ಧ ಮರೆಯಾಗಿದ್ದರು. ಸರಿಯಾಗಿ ಕಂಡದ್ದು ಒಂದರಲ್ಲಿ ಮಾತ್ರ. ವೆಂಕಟರಮಣನ ಮಗಳು ನಿಶ್ಚಿತಾ ಅಡುಗೆಮನೆಯಲ್ಲಿ ತಮಾಷೆಗೆ ತೆಗೆದದ್ದು ಅದು. ಆಕೆ ಭರಣಿಯೊಳಗೆ ಮೊಣಕೈವರೆಗೆ ಕೈಹಾಕಿಕೊಂಡು, ತಲೆಯೆತ್ತಿ, 'ಎಂತ ಕೂಸೇ, ಕೆಲಸ ಇಲ್ವಾ ನಿಂಗೆ?' ಎಂದು ಗದರುತ್ತಿರುವಾಗ ತೆಗೆದದ್ದು. ಬೇರೆ ಇಲ್ಲದ್ದರಿಂದ ಅದನ್ನೇ ಹಾಕಿದರು.

ವೆಬ್‌ಸೈಟು ಶುರುವಾಯಿತು. ಮೊದಲ ವಾರ ಬಂಧುಮಿತ್ರರೆಲ್ಲ ತಮ್ಮ ತಮ್ಮ ಹೆಸರು ನೋಡಿಕೊಂಡು ಹೋದರು, ಆಮೇಲೆ ಅವರಾರೂ ಈ ಕಡೆ ತಲೆಹಾಕಲಿಲ್ಲ. ಆದರೂ ಶಿವಕಿರಣನ ಕಂಪ್ಯೂಟರಿನಲ್ಲಿ ಒಂದು ಆಶ್ಚರ್ಯ ಕಾಣಿಸಿಕೊಂಡಿತು. ಯಾವ ಪುಟವನ್ನು ಎಷ್ಟು ಸಲ ನೋಡಿದ್ದಾರೆ ಎಂಬ ಲೆಕ್ಕ ಅಲ್ಲಿ ಬರುತ್ತದೆ. ಮಿಡಿಯ ಪುಟ ಖಾಲಿ, ದರದ ಪುಟ ಖಾಲಿ, ಕೈಮುಗಿದು ನಿಂತ ದಂಪತಿಯ ಹತ್ತಿರವೂ ಯಾರೂ ನಿಲ್ಲುತ್ತಿರಲಿಲ್ಲ. ಬಂದವರೆಲ್ಲ ನೇರವಾಗಿ ಮೂರನೆಯ ಕ್ಲಿಕ್ಕಿನ ಪುಟಕ್ಕೆ, ಕಾಮಾಕ್ಷಮ್ಮನ ಹತ್ತಿರ ಹೋಗುತ್ತಿದ್ದರು. ಬೆಳಿಗ್ಗೆ ಹೋಗುತ್ತಿದ್ದರು, ಊಟದ ಹೊತ್ತಿಗೆ ಹೋಗುತ್ತಿದ್ದರು, ಸಂಜೆ ಕಾಫಿ ಹೊತ್ತಿಗೆ ಹೋಗುತ್ತಿದ್ದರು. ದಿನದಿಂದ ದಿನಕ್ಕೆ ಅಂಕಿ ಏರುತ್ತಿತ್ತು.

ಸುದ್ದಿ ಕೇಳಿದ ವೆಂಕಟರಮಣ ಬಾಳೆಹೊನ್ನೂರಿನ ಅಂಗಡಿಯಲ್ಲಿ ಪೇಡೆ ಹಂಚಿದ. "ಅಮೆರಿಕಾದವರೇ ಇರ್ಬೇಕು. ನಮಗೆ ಹಗಲಾದ್ರೆ ಅವ್ರಿಗೆ ರಾತ್ರಿ, ನಿದ್ದೆ ಬರದೇ ನೋಡ್ತಾರೆ. ಅತ್ತಿಗೆ ಹೆಸರು ಅಲ್ಲಿವರೆಗೆ ಹೋಗಿದೆ ನೋಡಿ!" ಎಂದು ಮೆಣಸು ತಂದವರಿಗೆಲ್ಲ ಸಾರಿದ. ಪಕ್ಕದ ಬಟ್ಟೆ ಅಂಗಡಿಯವನು, ಅಮೆರಿಕಾಕ್ಕೆ ಉಪ್ಪಿನಕಾಯಿ ಕಳಿಸಿದರೆ ದಾರಿಯಲ್ಲಿ ಎಣ್ಣೆ ಸೋರುವುದಿಲ್ಲವೇ ಎಂದು ವಿಚಾರಿಸಿದ. ಅದಕ್ಕೆ ಬೇರೆ ತರದ ಬಾಟಲಿ ಬೇಕೆಂದು ವೆಂಕಟರಮಣ ಆಗಲೇ ಹೇಳಿಟ್ಟಿದ್ದ. ವಿಶೇಷ ಆಹ್ವಾನದ ಮೇಲೆ ಬಂದಿದ್ದ ಶಿವಕಿರಣ ಕುರ್ಚಿಯಲ್ಲಿ ಕೂತು, ಇದೆಲ್ಲ ನಕ್ಷೆಯ ಮಹಿಮೆ ಎಂದು ವಿನಯದಿಂದ ಒಪ್ಪಿಕೊಳ್ಳುತ್ತಿದ್ದ.

ಆ ಹೊತ್ತಿಗೆ ರಾಧಮ್ಮ ಚೀಲದಲ್ಲಿ ಉಪ್ಪಿನಕಾಯಿ ಬಾಟಲಿ ಹೊತ್ತುಕೊಂಡು ಬಸ್ಸಿಳಿದು ಬಂದರು. ಪೇಡೆ ಕೈಗೆ ಬಂತು. ಯಾಕೆ ಎಂದು ಕೇಳಿದರು. ವೆಂಕಟರಮಣ ವಿವರಿಸಿದ.

ರಾಧಮ್ಮ ಪೇಡೆಯನ್ನು ಬಾಯಿಗೆ ಹಾಕಲಿಲ್ಲ. "ಯಾವ ಅಮೆರಿಕಾ? ಅದು ನಿಮ್ಮಣ್ಣ. ಎದ್ದ ಕೂಡ್ಲೇ ಅದನ್ನೇ ಒತ್ತುತ್ತಾ ಕೂರ್ತಾರೆ. ಊಟಕ್ಕೆ ಕೂರೋ ಮೊದ್ಲು ಒತ್ತುತ್ತಾರೆ. ನಾನು ಮಸಾಲೆ ಹುರಿವಾಗ 'ಸಾಸಿವೆ ಎಷ್ಟು ಹಾಕ್ಲಿ' ಅಂತ ಕೇಳಿದ್ರೆ, 'ತಡಿ, ಅವಳನ್ನ ಕೇಳಿ ಹೇಳ್ತೆ' ಅಂತ ಒತ್ತುತ್ತಾರೆ. ಆಮೇಲೆ ನಾಚಿಕೊಂಡು ಫೋನು ಒಳಗಿಡ್ತಾರೆ," ಎಂದರು.

ಯಾರೋ ನಕ್ಕರು. ಬೇರೆ ಯಾರೂ ನಗದಿದ್ದಾಗ ಅವರೂ ನಿಲ್ಲಿಸಿದರು. ಬಟ್ಟೆ ಅಂಗಡಿಯವನು ತನಗೆ ಗಿರಾಕಿ ಬಂದರೆಂದು ಹೊರಟುಹೋದ. ವೆಂಕಟರಮಣ ಮೆಣಸಿನ ಮೂಟೆಯ ಮೇಲೆ ಕುಳಿತ. ಇಷ್ಟು ವರ್ಷದಲ್ಲಿ ಆ ಗಂಟಲು ಅಷ್ಟು ಸಣ್ಣಗಾದದ್ದನ್ನು ಯಾರೂ ಕೇಳಿರಲಿಲ್ಲ.

"ನನ್ನ ಮದುವೇಲಿ ಮಂಟಪದ ಹಿಂದೆ ಹೊಗೆಯಲ್ಲಿ ನಿಂತು ಅಡುಗೆ ಮಾಡಿದ್ದು ಅತ್ತಿಗೆ. ಅವಳನ್ನ ಹಿಂದೆ ಹಾಕಿ ನಾನು ಮುಂದೆ ನಿಂತೆ," ಎಂದ. "ತೆಗಿ ಮಾರಾಯ ನಮ್ಮಿಬ್ಬರ ಫೋಟೋ. ಶಾಸ್ತ್ರ ಭಟ್ಟರ ಹತ್ರ ಇರ್ಲಿ. ಅಣ್ಣ ಕೇಳಿದ್ದು ಒಂದೇ, ಅದನ್ನ ಕೊಡು. ತೆಗೆದ ಕೂಡ್ಲೇ ಅತ್ತಿಗೆ ಕಾಣ್ಲಿ."

ಶಿವಕಿರಣನಿಗೆ ತಲೆಯೆತ್ತಲು ಆಗಲಿಲ್ಲ. ಕಾಡುಹಂದಿಯ ಕೆಲಸ ಮಾಡಿದವನು ತಾನೇ ಎಂದು ಅವನಿಗೆ ಗೊತ್ತಿತ್ತು. ಸಿಕ್ಕಿದ ಬಸ್ಸು ಹತ್ತಿ ಕೊಪ್ಪಕ್ಕೆ ಬಂದು, ಝೆರಾಕ್ಸಿಗೆ ಬಂದವರನ್ನು ಹೊರಗೇ ನಿಲ್ಲಿಸಿ, ದಂಪತಿಯನ್ನು ತೆಗೆದು ಕಾಮಾಕ್ಷಮ್ಮನನ್ನು ಮುಖಪುಟಕ್ಕೆ ತಂದ. ಪರದೆಯ ತುಂಬ ಆಕೆಯೇ, ಕೈ ಭರಣಿಯಲ್ಲಿ, ಮುಖದ ಮೇಲೆ ಗದರಿಕೆ. ಒಂದು ಕ್ಲಿಕ್ಕೂ ಬೇಡ. ಬೇಗಾರಿಗೆ ಹೇಳಿ ಕಳಿಸಿ, ತಾನು ಮಾಡಿದ ತಪ್ಪನ್ನು ತಾನೇ ತಿದ್ದಿದ ಸಮಾಧಾನದಲ್ಲಿ ಮನೆಗೆ ಹೋದ.

ಮರುದಿನ ಸಂಜೆ ಕೃಷ್ಣಯ್ಯನ ಫೋನು ಬಂತು.

"ಎಂತ ಮಾಡಿಟ್ಟೆ ಶಿವಕಿರಣ? ತೆಗೆದ ಕೂಡ್ಲೇ ಎದುರಿಗೇ ಬಂದ್ಬಿಟ್ಲು."

"ನೀವು ಕೇಳಿದ್ದೂ ಅದೇ ಅಲ್ವಾ ಕೃಷ್ಣಯ್ಯನೋರೇ? ತಡ ಆಯ್ತು, ಕ್ಷಮಿಸ್ಬೇಕು."

"ಕೇಳಿದ್ದೆ, ಹೌದು. ಬೇರೆಯವ್ರು ನೋಡ್ಲಿ ಅಂತ ಕೇಳಿದ್ದೆ. ಎದುರಿಗೇ ಇದ್ರೆ ಅದು ಫೋಟೋ ಮಾರಾಯ. ಅದನ್ನೇ ದೊಡ್ಡದು ಮಾಡ್ಸಿ ಮನೇಲೂ ಹಾರ ಹಾಕಿ ಇಟ್ಟಿದ್ದೇವೆ. ಮುಂಚೆ ಹಾಂಗಿರ್ಲಿಲ್ಲ. ಒಂದ್ಸಲ ಒತ್ತಿದ್ರೆ ಜಗಲಿ ದಾಟಿದ ಹಾಂಗೆ, ಇನ್ನೊಂದ್ಸಲ ಒತ್ತಿದ್ರೆ ನಡುಮನೆ ದಾಟಿದ ಹಾಂಗೆ. ಅಷ್ಟು ಹೊತ್ತು ಅವಳು ಒಳಗೆ ಇದ್ದಾಳೆ ಅಂತ ಅನ್ನಿಸ್ತಿತ್ತು. ನಂಗೆ ಅಷ್ಟೇ ಸಾಕಾಗಿತ್ತು. ಮೊದ್ಲಿನ ಹಾಂಗೆ ಒಳಗೇ ಇಟ್ಬಿಡು."

ಶಿವಕಿರಣನಿಗೆ ದುಃಖ ಒತ್ತರಿಸಿ ಬಂತು. ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿಗೆ ಕಾಯುತ್ತಿದ್ದ ಹೆಂಗಸು ಮುಖ ಬೇರೆ ಕಡೆ ತಿರುಗಿಸಿ ನಿಂತಳು. ಅವನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕಾಮಾಕ್ಷಮ್ಮನನ್ನು ಮೊದಲಿದ್ದಲ್ಲಿಗೇ ಕಳಿಸಿದ. ಮುಖಪುಟದಲ್ಲಿ ಒಂದು ಭರಣಿಯ ಚಿತ್ರವನ್ನಷ್ಟೇ ಇಟ್ಟ.

"ಆಯ್ತು ಕೃಷ್ಣಯ್ಯನೋರೇ," ಎಂದ.

"ಆಯ್ತಾ? ಹಾಂಗಾದ್ರೆ ಫೋನ್ ಇಡ್ತೆ. ಕಾಫಿ ಹೊತ್ತಾಯ್ತು, ಒಂದ್ಸಲ ಒಳಗೆ ಹೋಗಿ ಬತ್ತೆ."